ಡಿಸ್ಲೆಕ್ಸಿಯಾ ಇರುವ ಮಗನಿಗೆ ಮನೆಯಲ್ಲೇ ಬರವಣಿಗೆ ಕಲಿಸಬೇಕು, ಯಾವ ಕರಿಕ್ಯುಲಮ್ ತಗೊಳ್ಳಲಿ?

ಭಟ್ಟಿ ಮನೆ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯವರು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ನಾನು ಬಿ.ಎಸ್ಸಿ. ಓದಿದ್ದೇನೆ, ಮದುವೆಗೆ ಮುಂಚೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಮಗನಿಗೆ ಈಗ ಹತ್ತು ವರ್ಷ. ನಾಲ್ಕನೇ ಕ್ಲಾಸಿನವರೆಗೆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದ. ಕಳೆದ ವರ್ಷ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆವು. ಡಿಸ್ಲೆಕ್ಸಿಯಾ ಅಂತ ಬರೆದುಕೊಟ್ಟರು. ಬುದ್ಧಿ ಚುರುಕಾಗಿದೆ, ಓದು ಬರಹ ಮಾತ್ರ ಎರಡನೇ ಕ್ಲಾಸಿನ ಮಟ್ಟದಲ್ಲಿದೆ ಅಂದರು. ರಿಪೋರ್ಟ್ ತೋರಿಸಿದ ಮೇಲೂ ಶಾಲೆಯಲ್ಲಿ ತಪ್ಪಾದ ಪದವನ್ನು ಇಪ್ಪತ್ತು ಸಲ ಬರೆಸುವುದು ನಿಲ್ಲಲಿಲ್ಲ. ಭಾನುವಾರ ಸಂಜೆ ಆದರೆ ಸಾಕು, ಹೊಟ್ಟೆನೋವು ಅನ್ನುತ್ತಿದ್ದ. ಈ ಜೂನ್‌ನಿಂದ ಮನೆಯಲ್ಲೇ ಕಲಿಸುತ್ತಿದ್ದೇನೆ.

ಓದುವುದು ನಿಧಾನವಾಗಿ ಸಾಗುತ್ತಿದೆ. ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವಲ್ಲ, ಮೊದಲ ಹಂತದವನ್ನು ಒಟ್ಟಿಗೆ ಓದುತ್ತೇವೆ. ತೊಂದರೆ ಇರುವುದು ಬರವಣಿಗೆಯಲ್ಲಿ. ಬಾಯಲ್ಲಿ ಹೇಳು ಅಂದರೆ ಭಟ್ಟಿ ಕೆಲಸ ಪೂರ್ತಿ ಹೇಳುತ್ತಾನೆ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಉಪ್ಪು ನೀರು ಹಾಕುವುದು, ಮರಳು ಎಷ್ಟು ಕಾದರೆ ಅಕ್ಕಿ ಅರಳುತ್ತದೆ, ಎಲ್ಲ ಗೊತ್ತು. ಅದನ್ನೇ ಬರಿ ಅಂದರೆ ಅರ್ಧ ಗಂಟೆಗೆ ಎರಡು ಸಾಲು. 'ದೊಡ್ಡಪ್ಪ' ಬರೆಯುವಾಗ 'ದೊಡಪ' ಆಗುತ್ತದೆ. 'ಹತ್ತಿ' 'ಹತಿ' ಆಗುತ್ತದೆ. 'ಸೂರ್ಯ' ಬರೆಯಲು ಹೋಗಿ 'ಸೂಯ್ರ' ಬರೆಯುತ್ತಾನೆ. ವ ಮತ್ತು ಮ ಇನ್ನೂ ಅದಲು ಬದಲು. ಇಂಗ್ಲಿಷ್‌ನಲ್ಲಿ ಕಿವಿಗೆ ಕೇಳಿದ ಹಾಗೆ ಬರೆಯುತ್ತಾನೆ, ಎಸ್-ಎ-ಐ-ಡಿ ಅಂತ ಬರೆಯಬೇಕಾದಲ್ಲಿ ಎಸ್-ಇ-ಡಿ.

ಹೊರದೇಶದ ಹೋಮ್‌ಸ್ಕೂಲ್ ಅಮ್ಮಂದಿರು ಬಳಸುವ ಕರಿಕ್ಯುಲಮ್‌ಗಳನ್ನು ನೋಡುತ್ತಿದ್ದೇನೆ. ಇನ್‌ಸ್ಟಿಟ್ಯೂಟ್ ಫಾರ್ ಎಕ್ಸಲೆನ್ಸ್ ಇನ್ ರೈಟಿಂಗ್ ಅನ್ನುವುದು ಒಂದು. ರೈಟಿಂಗ್ ವಿತ್ ಈಸ್ ಇನ್ನೊಂದು. ಬ್ರೇವ್ ರೈಟರ್ ಮತ್ತೊಂದು. ಬಾರ್ಟನ್ ಅನ್ನುವುದೂ ಡಿಸ್ಲೆಕ್ಸಿಯಾ ಮಕ್ಕಳಿಗೇ ಮಾಡಿದ್ದಂತೆ, ಆದರೆ ಎಲ್ಲವೂ ಡಾಲರ್ ಲೆಕ್ಕ. ಒಂದನ್ನು ತರಿಸಬಹುದು, ನಾಲ್ಕನ್ನೂ ತರಿಸುವ ಶಕ್ತಿ ಇಲ್ಲ.

ಇವುಗಳಲ್ಲಿ ಯಾವುದು ಒಳ್ಳೆಯದು? ಅಥವಾ ಕನ್ನಡದಲ್ಲೇ ಶುರು ಮಾಡಲಾ? ಎರಡೂ ಭಾಷೆ ಒಟ್ಟಿಗೆ ಬೇಡ ಅಂತ ಒಬ್ಬರು, ಬಿಟ್ಟರೆ ಇಂಗ್ಲಿಷ್ ಹೋಗಿಯೇ ಬಿಡುತ್ತದೆ ಅಂತ ಇನ್ನೊಬ್ಬರು. ನಮ್ಮ ಅತ್ತೆಯವರಿಗೆ ಮೊಮ್ಮಗನ ಮೇಲೆ ಪ್ರಾಣ. ಆದರೂ 'ಕೈ ಬಗ್ಗಿಸಿ ದಿನಾ ಹತ್ತು ಪುಟ ಬರೆಸು, ತಾನಾಗಿಯೇ ಬರುತ್ತೆ' ಅನ್ನುತ್ತಾರೆ. ಅವರಿಗೆ ಏನು ಹೇಳಲಿ ಅಂತಲೂ ತಿಳಿಸಿ.


ವಿಶೇಷ ಶಿಕ್ಷಕಿ, ಚಿತ್ರದುರ್ಗ

ನಮಸ್ಕಾರ ರೀ. ನಿಮ್ಮ ಮಗ ಭಟ್ಟಿ ಕೆಲಸ ಪೂರ್ತಿ ಬಾಯಲ್ಲಿ ಹೇಳುತ್ತಾನೆ ಅಂದಿರಲ್ಲ, ಅದನ್ನು ಓದಿ ನನಗೆ ತುಂಬಾ ಸಂತೋಷ ಆಯಿತು. ನಿಜವಾಗಿ ಕಷ್ಟದ ಕೆಲಸವನ್ನು ಅವನು ಆಗಲೇ ಮಾಡುತ್ತಿದ್ದಾನೆ. ಯಾವುದು ಮೊದಲು, ಯಾವುದು ಆಮೇಲೆ, ಯಾಕೆ ಹಾಗೆ ಅಂತ ಜೋಡಿಸಿ ಹೇಳುವುದೇ ಪ್ರಬಂಧದ ತಿರುಳು ಅಲ್ವಾ?

ಬರೆಯುವಾಗ ಮಗು ಹಲವು ಕೆಲಸ ಒಟ್ಟಿಗೆ ಮಾಡಬೇಕು. ಕೈ ಅಕ್ಷರ ಮೂಡಿಸಬೇಕು. ಯಾವ ಅಕ್ಷರ, ಯಾವ ಒತ್ತು ಅಂತ ನೆನಪು ಮಾಡಿಕೊಳ್ಳಬೇಕು. ಹೇಳಬೇಕಾದ ಮಾತನ್ನು ಅಷ್ಟು ಹೊತ್ತೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ನಮಗೆ ಮೊದಲಿನ ಎರಡು ಅಭ್ಯಾಸವಾಗಿ ಹೋಗಿವೆ, ಯೋಚನೆಯೇ ಬೇಡ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಒಂದೊಂದು ಅಕ್ಷರಕ್ಕೂ ಗಮನ ಬೇಕು. 'ದೊಡ್ಡಪ್ಪ'ದ ಒತ್ತು ಹುಡುಕುವಷ್ಟರಲ್ಲಿ ದೊಡ್ಡಪ್ಪ ಏನು ಮಾಡಿದರು ಅನ್ನುವುದೇ ಮರೆತುಹೋಗಿರುತ್ತದೆ. ಅದಕ್ಕೇ ಅರ್ಧ ಗಂಟೆಗೆ ಎರಡು ಸಾಲು.

ಹಾಗಾಗಿ ನನ್ನ ಸಲಹೆ ಇದು. ಯಾವ ಕರಿಕ್ಯುಲಮ್ ತಗೊಂಡರೂ ಸರಿ, ಎರಡು ಕೆಲಸವನ್ನು ಬೇರೆ ಮಾಡಿ. ಒಂದು ಪುಸ್ತಕ ಅಕ್ಷರಕ್ಕೆ, ಒಂದು ಪುಸ್ತಕ ಮಾತಿಗೆ. ಅಕ್ಷರದ ಪುಸ್ತಕದಲ್ಲಿ ದಿನಾ ಹದಿನೈದು ನಿಮಿಷ, ಒಂದೇ ಪಾಠ, ಸರಿಯಾಗಿ ಬರುವ ತನಕ. ಮಾತಿನ ಪುಸ್ತಕದಲ್ಲಿ ಅವನು ಹೇಳುತ್ತಾನೆ, ನೀವು ಬರೆಯುತ್ತೀರಿ. ಅವನು ಹೇಳಿದ ಹಾಗೆಯೇ, ನಮ್ಮ ಕಡೆ ಮಾತಿನಲ್ಲೇ. ಬರೆದಿದ್ದನ್ನು ಓದಿ ಹೇಳಿ. 'ಇಲ್ಲಿ ಇದನ್ನು ಸೇರಿಸು ಅಮ್ಮ' ಅಂತ ಅವನೇ ತಿದ್ದಿಸುತ್ತಾನೆ. ಆ ಪುಸ್ತಕದಲ್ಲಿ ಕೆಂಪು ಪೆನ್ ಬೇಡವೇ ಬೇಡ.

ಈಗ ನೀವು ಕೇಳಿದ ಹೆಸರುಗಳಿಗೆ ಬರುತ್ತೇನೆ. ಬಾರ್ಟನ್‌ನಲ್ಲಿ ಹತ್ತು ಹಂತಗಳಿವೆ. ಅದು ಇಂಗ್ಲಿಷ್ ಓದು ಮತ್ತು ಸ್ಪೆಲಿಂಗ್ ಕಲಿಸುವ ಪ್ಯಾಕೇಜ್, ಪ್ರಬಂಧ ಬರೆಯಲು ಕಲಿಸುವುದು ಅದರ ಕೆಲಸವಲ್ಲ. ತಂದೆ ತಾಯಿಯೂ ಹೇಳಿಕೊಡುವ ಹಾಗೆ ಮಾಡಿದ್ದಾರೆ. ಇದರ ಬೇರು ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿಯಲ್ಲಿದೆ. ಸ್ಯಾಮುಯೆಲ್ ಆರ್ಟನ್ ಅಮೆರಿಕದ ನರವೈದ್ಯರು, ಅನ್ನಾ ಗಿಲ್ಲಿಂಗ್‌ಹ್ಯಾಮ್ ಶಿಕ್ಷಕಿ. 1930ರ ದಶಕದಲ್ಲಿ ಇಬ್ಬರೂ ಸೇರಿ ರೂಪಿಸಿದ ದಾರಿ. ಅಕ್ಷರವನ್ನು ಕಣ್ಣಿಂದ ನೋಡು, ಬಾಯಿಂದ ಹೇಳು, ಕಿವಿಯಿಂದ ಕೇಳು, ಬೆರಳಿಂದ ತಿದ್ದು. ಸುಲಭದಿಂದ ಕಷ್ಟಕ್ಕೆ, ಒಂದು ಮೆಟ್ಟಿಲನ್ನೂ ಬಿಡದೆ. ಇಂಗ್ಲಿಷ್ ಸ್ಪೆಲಿಂಗ್ ಕಲಿಸುವಾಗ ಇಂಥ ಯಾವುದಾದರೂ ಒಂದು ಇರಲಿ, ನಾವೇ ಕೈಯಾರೆ ಮಾಡಿಕೊಳ್ಳಲು ಹೋದರೆ ಮೆಟ್ಟಿಲು ತಪ್ಪುತ್ತವೆ.

ರೈಟಿಂಗ್ ವಿತ್ ಈಸ್‌ನಲ್ಲಿ ಕಥೆ ಕೇಳಿ ಬಾಯಲ್ಲಿ ಹೇಳುವುದು, ಒಂದೆರಡು ವಾಕ್ಯ ನೋಡಿ ಬರೆಯುವುದು, ಮುಂದೆ ಉಕ್ತಲೇಖನ. ಸ್ವಂತವಾಗಿ ಬರಿ ಅಂತ ಬೇಗ ಒತ್ತಾಯ ಮಾಡುವುದಿಲ್ಲ, ಅದು ನನಗೆ ಇಷ್ಟ. ಉಕ್ತಲೇಖನ ಮಾತ್ರ ನಿಮ್ಮ ಮಗನಿಗೆ ಈಗಲೇ ಬೇಡ. ಇನ್‌ಸ್ಟಿಟ್ಯೂಟ್‌ನವರ ಮುಖ್ಯ ಉಪಾಯ ಅಂದರೆ ಕೀವರ್ಡ್ ಔಟ್‌ಲೈನ್. ಒಂದು ವಾಕ್ಯದಿಂದ ಹೆಚ್ಚೆಂದರೆ ಮೂರು ಮುಖ್ಯ ಪದ ಆರಿಸಿಕೊಳ್ಳುವುದು. ಪುಸ್ತಕ ಮುಚ್ಚಿ, ಆ ಪದ ನೋಡಿಕೊಂಡು ಬಾಯಲ್ಲಿ ಹೇಳುವುದು. ಆಮೇಲೆ ಬರೆಯುವುದು. ಏನು ಬರೆಯಲಿ ಅನ್ನುವ ಭಯ ಇರುವುದಿಲ್ಲ. ಬ್ರೇವ್ ರೈಟರ್‌ನವರು ಮಗುವಿನ ಮಾತನ್ನು ದೊಡ್ಡವರು ಬರೆದುಕೊಳ್ಳಿ ಅನ್ನುತ್ತಾರೆ, ನಾನು ಮೇಲೆ ಹೇಳಿದ್ದೂ ಅದನ್ನೇ.

ನನ್ನ ಅಭಿಪ್ರಾಯದಲ್ಲಿ ಬರವಣಿಗೆಗೆ ದುಡ್ಡು ಹಾಕಬೇಡಿ. ಈ ಮೂರು ಉಪಾಯವನ್ನೂ ಭಟ್ಟಿ ಕಥೆ ಇಟ್ಟುಕೊಂಡು ಕನ್ನಡದಲ್ಲೇ ಮಾಡಬಹುದು. ದುಡ್ಡು ಇದ್ದರೆ ಇಂಗ್ಲಿಷ್ ಸ್ಪೆಲಿಂಗ್‌ಗೆ ಇಟ್ಟುಕೊಳ್ಳಿ, ಅದೂ ಮುಂದಿನ ವರ್ಷಕ್ಕೆ. ಮೊದಲು ಕನ್ನಡ. ಅವನು ಮಾತಾಡುವ ಭಾಷೆ ಅದು, ಹೇಳಿದ ಹಾಗೆ ಬರೆಯುವ ಲಿಪಿಯೂ ಹೌದು. ಹಾಗಂತ ಕನ್ನಡ ಪೂರ್ತಿ ಸುಲಭ ಅಂತಲೂ ಅಲ್ಲ. ಇಂಗ್ಲಿಷ್‌ಗೆ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತು ಸೇರಿಸಿದರೆ ನೂರಾರು ರೂಪ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣುತ್ತದೆ. ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಲೇ ಇರುತ್ತದೆ. ಡಿಸ್ಲೆಕ್ಸಿಯಾ ಇಲ್ಲದ ಮಕ್ಕಳಿಗೇ ಇಷ್ಟು ಸಮಯ ಬೇಕು ಅಂದಮೇಲೆ ನಿಮ್ಮ ಮಗ ಹತ್ತನೇ ವಯಸ್ಸಿನಲ್ಲಿ ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿ ಬೀಳಬೇಡಿ.

ಅತ್ತೆಯವರಿಗೆ ಹೇಳಿ: ತಪ್ಪು ಪದವನ್ನು ಇಪ್ಪತ್ತು ಸಲ ಬರೆದರೆ ಐದನೇ ಸಲದಿಂದ ಕೈ ಮಾತ್ರ ಓಡುತ್ತದೆ, ತಲೆ ಎಲ್ಲೋ ಇರುತ್ತದೆ. ಅವರಿಗೂ ಒಂದು ಕೆಲಸ ಕೊಡಿ. ದಿನಾ ರಾತ್ರಿ ಮೊಮ್ಮಗನಿಗೆ ಒಂದು ಕಥೆ ಹೇಳಲಿ. ಬೆಳಗ್ಗೆ ಅವನು ಅದನ್ನು ನಿಮಗೆ ಹೇಳಲಿ.


ಹರಿಹರದ ಅಪ್ಪ

ನನ್ನ ಮಗಳಿಗೂ ಡಿಸ್ಲೆಕ್ಸಿಯಾ, ಈಗ ಹದಿಮೂರು ವರ್ಷ. ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಮಾತು ಸೇರಿಸುತ್ತೇನೆ.

ನಾವು ಅಮೆರಿಕದ ಒಂದು ವಿಡಿಯೋ ಪ್ಯಾಕೇಜ್ ತರಿಸಿದ್ದೆವು. ಕಲಿಸುವ ಕ್ರಮ ಚೆನ್ನಾಗಿತ್ತು. ಆದರೆ ಪಾಠದಲ್ಲಿ ಬರೋದೆಲ್ಲ ಹಿಮ, ಅಲ್ಲಿನ ಪ್ರಾಣಿ, ಅಲ್ಲಿನ ಚರಿತ್ರೆ. ಅಕ್ಷರದ ಜೊತೆ ಒದ್ದಾಡುವ ಮಗುವಿಗೆ ವಿಷಯವೂ ಹೊಸದು, ಉಚ್ಚಾರಣೆಯೂ ಹೊಸದು ಅಂದರೆ ಹೊರೆ ಜಾಸ್ತಿ. ಹಾಗಾಗಿ ಕ್ರಮವನ್ನು ಇಟ್ಟುಕೊಂಡು ಪಾಠವನ್ನು ಬದಲಾಯಿಸಿದೆ. ಹರಿಹರೇಶ್ವರನ ಗುಡಿ, ತುಂಗಭದ್ರೆಗೆ ನೀರು ಬಂದಾಗ ನಾವು ನೋಡಿದ್ದು, ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ. ನಾನೇ ಐದಾರು ಸಣ್ಣ ವಾಕ್ಯ ಬರೆಯುತ್ತಿದ್ದೆ. ಅವಳು ಒಂದೊಂದಕ್ಕೆ ಮೂರು ಪದ ಆರಿಸುತ್ತಿದ್ದಳು. ಪದ ಬರೆಯಲು ಕಷ್ಟ ಆದರೆ ಚಿತ್ರ ಬಿಡಿಸುತ್ತಿದ್ದಳು, ಅದೂ ನಡೆಯುತ್ತದೆ. ಮೊದಲ ತಿಂಗಳು ಬರೀ ಬಾಯಲ್ಲಿ ಹೇಳಿದಳು. ಆಮೇಲೆ ಒಂದು ವಾಕ್ಯ ತಾನು ಬರೆಯುತ್ತಿದ್ದಳು, ಉಳಿದಿದ್ದು ನಾನು. ಯಾವ ವಾಕ್ಯ ಬರೀಬೇಕು ಅನ್ನುವುದನ್ನು ಅವಳಿಗೇ ಬಿಟ್ಟಿದ್ದೆ. ಇಷ್ಟದ ವಾಕ್ಯ ಆದ್ದರಿಂದ ಒತ್ತಕ್ಷರ ಬಂದರೂ ಧೈರ್ಯ ಮಾಡುತ್ತಿದ್ದಳು. ಈಗ ಒಂದು ಪುಟ ಬರೆಯುತ್ತಾಳೆ, ನಿಧಾನವಾಗಿ.

ಒಂದು ಎಚ್ಚರಿಕೆ. ಪ್ಯಾಕೇಜಿನಲ್ಲಿ ವಾಕ್ಯವನ್ನು ಅಲಂಕಾರ ಮಾಡುವ ಪಾಠ ಬರುತ್ತೆ. ಒಂದು ಗುಣವಾಚಕ ಹಾಕು, ಒಂದು ಕ್ರಿಯಾವಿಶೇಷಣ ಹಾಕು ಅಂತ ಪಟ್ಟಿ ಇರುತ್ತೆ. ಅದನ್ನು ಬಹಳ ದಿನ ಮುಟ್ಟಬೇಡಿ. ಮಗು ತನ್ನ ಮಾತು ಬಿಟ್ಟು ಪಟ್ಟಿಗೆ ಟಿಕ್ ಹಾಕಲು ಶುರು ಮಾಡುತ್ತದೆ.


ನಿವೃತ್ತ ಮೇಷ್ಟ್ರು, ಚಳ್ಳಕೆರೆ

ಅಮ್ಮಾ, ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ವಿಶೇಷ ತರಬೇತಿ ನನಗಿಲ್ಲ, ಆದರೆ ಇಂಥ ಮಕ್ಕಳು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇರುತ್ತಿದ್ದರು. ಆಗ ಅವರನ್ನು ದಡ್ಡರು ಅನ್ನುತ್ತಿದ್ದರು. ಕೇಳಿದರೆ ಈಗಲೂ ಸಂಕಟ ಆಗುತ್ತದೆ.

ಕನ್ನಡ ಮೊದಲು ಅನ್ನುವುದು ಸರಿ. ಎಲ್ಲಿಂದ ಶುರು ಮಾಡುವುದು ಅನ್ನುವುದನ್ನು ನಾನು ಹೇಳುತ್ತೇನೆ. ಅ ಆ ಇ ಈ ಕ್ರಮದಲ್ಲಿ ಹೋಗಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭ, ಕೂಡಲೇ ಪದ ಆಗುತ್ತವೆ. ಅರ, ಸರ, ದರ, ಅರಸ, ಗರಗಸ. ಮಗುವಿಗೆ ಮೊದಲ ವಾರವೇ ನಾನು ಪದ ಬರೆದೆ ಅನ್ನುವ ಖುಷಿ. ಎರಡನೇ ಗುಂಪಿನಲ್ಲಿ ಜ, ವ, ಮ, ಬ, ನ ಬರುತ್ತವೆ. ಇಲ್ಲಿ ಮಾತ್ರ ನೀವು ಕ್ರಮ ಬದಲಿಸಿ. ನಿಮ್ಮ ಮಗನಿಗೆ ವ, ಮ ಅದಲು ಬದಲು ಆಗುತ್ತದಲ್ಲ, ಅವೆರಡನ್ನೂ ಒಟ್ಟಿಗೆ ಕಲಿಸಬೇಡಿ. ಮ ಪಕ್ಕಾ ಆಗಲಿ, ಕಣ್ಣು ಮುಚ್ಚಿ ಬರೆಯುವಷ್ಟು. ನಾಲ್ಕಾರು ವಾರ ಬಿಟ್ಟು ವ ತನ್ನಿ. ದ, ಧ, ಥ ಹಾಗೆಯೇ. ಪ, ಷ ಹಾಗೆಯೇ.

ಕಾಗುಣಿತಕ್ಕೆ ಹಳೆಯ ರಾಗ ಬಹಳ ಒಳ್ಳೆಯದು. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ಬಾಯಿ ಹೇಳುತ್ತದೆ, ಬೆರಳು ಬರೆಯುತ್ತದೆ, ಕಿವಿ ಕೇಳುತ್ತದೆ. ಮೇಡಂ ಹೇಳಿದ ಅಮೆರಿಕದ ಪದ್ಧತಿಯ ಗುಣವೇ ನಮ್ಮ ಮಗ್ಗಿ ಹೇಳುವ ಮನೆಗಳಲ್ಲಿ ಮೊದಲಿಂದ ಇತ್ತು. ಆದರೆ ನಾವು ಮೂವತ್ನಾಲ್ಕು ವ್ಯಂಜನಕ್ಕೂ ಒಂದೇ ಉಸಿರಿನಲ್ಲಿ ಹೇಳಿಸಿಬಿಡುತ್ತಿದ್ದೆವು. ಇವನಿಗೆ ವಾರಕ್ಕೆ ಒಂದು ಗುರುತು ಸಾಕು. ಈ ವಾರ ಬರೀ ಕೊಂಬು. ಗು, ಸು, ದು, ರು. ಅಷ್ಟೇ. ಮರಳಿನ ಮೇಲೆ ತಿದ್ದಿಸಿ, ನಿಮ್ಮ ಭಟ್ಟಿಯಲ್ಲಿ ಆರಿದ ಮರಳಿಗೆ ಏನು ಕೊರತೆ? ಒಂದು ತಟ್ಟೆಯಲ್ಲಿ ಹರವಿಕೊಡಿ.

ಒತ್ತಕ್ಷರಕ್ಕೆ ಚಪ್ಪಾಳೆ ಉಪಾಯ ಇದೆ. 'ಹತ್ತಿ' ಅನ್ನುವಾಗ ನಾಲಿಗೆ ಎಲ್ಲಿ ಒತ್ತಿ ನಿಲ್ಲುತ್ತದೆ ಅಂತ ಅವನೇ ಗಮನಿಸಲಿ. ಹತ್ - ತಿ ಅಂತ ಒಡೆದು ಹೇಳಿ ಎರಡು ಚಪ್ಪಾಳೆ. ಮೊದಲನೇ ತುಂಡು ಅರ್ಧಕ್ಕೆ ನಿಂತರೆ ಮುಂದಿನ ಅಕ್ಷರಕ್ಕೆ ಒತ್ತು ಬೇಕು ಅಂತ ಅವನಿಗೇ ಹೊಳೆಯುತ್ತದೆ. ದೊಡ್ - ಡಪ್ - ಪ. ಮೊದಲು ಸಜಾತಿ ಒತ್ತು ಮಾತ್ರ: ಅಕ್ಕ, ಅಪ್ಪ, ಹತ್ತು, ಬೆಲ್ಲ. ವಿಜಾತಿ ಒತ್ತು ತಿಂಗಳುಗಳ ನಂತರ.

'ಸೂರ್ಯ' ವಿಷಯ ಕೇಳಿ. ಅದು ಅವನ ತಪ್ಪಲ್ಲ. ಬಾಯಲ್ಲಿ ರ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ಕಿವಿಯನ್ನು ನಂಬಿ ಬರೆಯುವ ಮಗು ಅಲ್ಲಿ ಎಡವಲೇಬೇಕು. ಸದ್ಯಕ್ಕೆ ರ ಬರೆದು ಅದರ ಕೆಳಗೆ ಯ ಒತ್ತು ಕೊಡಲು ಹೇಳಿ: ಸೂರ‍್ಯ. ಹಾಗೆ ಬರೆಯುವ ರೂಢಿಯೂ ಕನ್ನಡದಲ್ಲಿ ಇದೆ. ಕೇಳಿದ ಕ್ರಮದಲ್ಲೇ ಬರೆದ ಹಾಗಾಯಿತು. ಅರ್ಕಾವೊತ್ತನ್ನು ಓದುವಾಗ ಗುರುತಿಸಿದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ಮೇಡಂ ಜೊತೆ ಒಪ್ಪುವುದಿಲ್ಲ. ಉಕ್ತಲೇಖನ ಬೇಡ ಅನ್ನಬೇಡಿ. ಮಾರ್ಕ್ಸ್ ಕೊಡುವ ಉಕ್ತಲೇಖನ ಬೇಡ. ಕಲಿತ ಅಕ್ಷರಗಳಷ್ಟೇ ಇರುವ ಒಂದೇ ವಾಕ್ಯ ಹೇಳಿ. ಅವನು ಅದನ್ನು ತಿರುಗಿ ಹೇಳಲಿ. ಎಷ್ಟು ಪದ ಅಂತ ಬೆರಳು ಮಡಚಲಿ. ಒಂದೊಂದು ಪದವನ್ನೂ ತುಂಡು ತುಂಡಾಗಿ ಹೇಳಿಕೊಂಡು ಬರೆಯಲಿ. ಕೊನೆಗೆ ತಾನೇ ಓದಿ ನೋಡಲಿ. ಕೇಳಿದ್ದನ್ನು ಕೈಗೆ ಇಳಿಸುವ ಅಭ್ಯಾಸ ಇದರಿಂದಲೇ ಬರುವುದು. ಅದನ್ನು ಮುಂದಕ್ಕೆ ಹಾಕಿದರೆ ಅಕ್ಷರದ ಪುಸ್ತಕ ಒಂದು ಕಡೆ, ಮಾತಿನ ಪುಸ್ತಕ ಒಂದು ಕಡೆ ಉಳಿದು ಎರಡೂ ಸೇರುವುದೇ ಇಲ್ಲ.


ವಿಶೇಷ ಶಿಕ್ಷಕಿ, ಚಿತ್ರದುರ್ಗ

ಸರ್, ನೀವು ಹೇಳಿದ ಥರದ ಉಕ್ತಲೇಖನಕ್ಕೆ ನನ್ನ ಒಪ್ಪಿಗೆ ಇದೆ. ಕಲಿತ ಅಕ್ಷರಗಳಷ್ಟೇ, ಒಂದೇ ವಾಕ್ಯ, ಮಾರ್ಕ್ಸ್ ಇಲ್ಲ. ನಾನು ಬೇಡ ಅಂದಿದ್ದು ಪುಸ್ತಕದಿಂದ ಎತ್ತಿದ ಉದ್ದ ವಾಕ್ಯದ ಉಕ್ತಲೇಖನವನ್ನು. ಅದರಲ್ಲಿ ಯಾವ ಅಕ್ಷರ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಅರ್ಕಾವೊತ್ತಿನ ಉಪಾಯ ನಾನೂ ಬಳಸಿಕೊಳ್ಳುತ್ತೇನೆ.


ಇಂಜಿನಿಯರಿಂಗ್ ಹುಡುಗ, ದಾವಣಗೆರೆ

ಆಂಟಿ, ನನಗೂ ಡಿಸ್ಲೆಕ್ಸಿಯಾ. ಈಗ ಕೊನೇ ವರ್ಷದ ಇಂಜಿನಿಯರಿಂಗ್. ಕರಿಕ್ಯುಲಮ್ ಬಗ್ಗೆ ನನಗೆ ಅಷ್ಟು ತಿಳಿಯದು, ಆದರೆ ಮಗುವಿನ ಕಡೆಯಿಂದ ಎರಡು ಮಾತು ಹೇಳಬೇಕು ಅನ್ನಿಸಿತು.

ಅವನಿಗೆ ಕೀಬೋರ್ಡ್ ಕೊಡಿ, ಈಗಲೇ. ಅದೇನೋ ಕೊನೆಯ ಉಪಾಯ ಅನ್ನೋ ಥರ ಎಲ್ಲರೂ ಮುಂದಕ್ಕೆ ಹಾಕುತ್ತಾರೆ. ಮೇಷ್ಟ್ರು ಸೂರ್ಯ ಪದದ ಬಗ್ಗೆ ಹೇಳಿದರಲ್ಲ, ಫೋನಿನ ಕನ್ನಡ ಕೀಬೋರ್ಡಿನಲ್ಲಿ ಆ ತೊಂದರೆಯೇ ಇಲ್ಲ. ಕೇಳಿದ ಕ್ರಮದಲ್ಲೇ ರ, ಆಮೇಲೆ ಒತ್ತಿನ ಗುರುತು, ಆಮೇಲೆ ಯ ಒತ್ತಿದರೆ ಅರ್ಕಾವೊತ್ತನ್ನು ಫೋನೇ ಜಾಗಕ್ಕೆ ಕೂರಿಸುತ್ತದೆ. ವ, ಮ ಎರಡೂ ಕಣ್ಣೆದುರಿಗೆ ಇರುತ್ತವೆ, ನೆನಪಿನಿಂದ ಎಳೆದು ತರಬೇಕಿಲ್ಲ. ಜಿಬೋರ್ಡ್ ಅನ್ನುವ ಗೂಗಲ್ ಕೀಬೋರ್ಡಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡುತ್ತದೆ. ನಾನು ಮೊದಲು ಮಾತಾಡಿ ಟೈಪ್ ಮಾಡಿಸುತ್ತೇನೆ, ಆಮೇಲೆ ಫೋನಿಗೇ ಓದಿಸಿ ಕೇಳುತ್ತೇನೆ. ಕಣ್ಣಿಗೆ ಸಿಗದ ತಪ್ಪು ಕಿವಿಗೆ ಸಿಗುತ್ತದೆ. ಅಮ್ಮ ಪಕ್ಕದಲ್ಲಿ ಇಲ್ಲದಾಗಲೂ ಅವನು ತನ್ನ ಮಾತಿನ ಪುಸ್ತಕ ತುಂಬಿಸಬಹುದು.

ಡಿಸ್ಲೆಕ್ಸಿಯಾಗೆ ಅಂತ ಬೇರೆ ಫಾಂಟ್ ಸಿಗುತ್ತೆ ಅಂತ ಯಾರಾದರೂ ಹೇಳಬಹುದು. ಅದರಿಂದ ಓದು ಸುಧಾರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದಕ್ಕಿಂತ ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ.

ಇನ್ನೊಂದು. ಅವನಿಗೆ ಡಿಸ್ಲೆಕ್ಸಿಯಾ ಅನ್ನುವ ಹೆಸರು ಹೇಳಿ. ಮುಚ್ಚಿಡಬೇಡಿ. ನನಗೆ ಎಂಟನೇ ಕ್ಲಾಸಿನವರೆಗೂ ಯಾರೂ ಹೇಳಿರಲಿಲ್ಲ. ನಾನೇ ದಡ್ಡ ಅಂದುಕೊಂಡಿದ್ದೆ. ಹೆಸರು ಗೊತ್ತಾದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು.


ಭಟ್ಟಿ ಮನೆ ಅಮ್ಮ, ದಾವಣಗೆರೆ

ಎಲ್ಲರಿಗೂ ಮನಸಾರೆ ಧನ್ಯವಾದ. ಓದುತ್ತಾ ಕಣ್ಣು ತುಂಬಿ ಬಂತು. ಕೂಡಲೇ ಉತ್ತರ ಬರೆಯಲಿಲ್ಲ, ಮೊದಲು ಮಾಡಿ ನೋಡೋಣ ಅನ್ನಿಸಿತು.

ನಿನ್ನೆ ಮಾತಿನ ಪುಸ್ತಕ ಶುರು ಮಾಡಿದೆವು. ಅವನು ಹೇಳಿದ್ದನ್ನು ಹಾಗೆಯೇ ಇಲ್ಲಿ ಹಾಕುತ್ತೇನೆ:

'ಮರಳು ಮೊದ್ಲು ಕಾಯ್ಬೇಕು. ಅಪ್ಪ ಮುಟ್ಟಿ ನೋಡಲ್ಲ, ನಾಕು ಕಾಳು ಹಾಕಿ ನೋಡ್ತಾರೆ. ಚಟಪಟ ಅಂದ್ರೆ ಕಾದೈತಿ ಅಂತ. ಆಮೇಲೆ ಅಕ್ಕಿ ಹಾಕ್ಬೇಕು. ಜಾಸ್ತಿ ಹಾಕಿದ್ರೆ ಮರಳು ತಣ್ಣಗಾಗಿ ಅರ್ಧ ಅರಳ್ತಾವೆ, ಅರ್ಧ ಹಂಗೇ ಇರ್ತಾವೆ. ಅರಳಿದ ತಕ್ಷಣ ಜರಡಿಗೆ ಸುರೀಬೇಕು. ತಡ ಮಾಡಿದ್ರೆ ಕರ್ರಗಾಗ್ತಾವೆ. ನಾನು ದೊಡ್ಡವನಾದ್ಮೇಲೆ ತಡ ಮಾಡಲ್ಲ.'

ಓದಿ ಹೇಳಿದಾಗ 'ಇದು ನಾನು ಬರೆದಿದ್ದಾ?' ಅಂತ ಕೇಳಿದ. ಹೌದು, ನೀನೇ ಬರೆದಿದ್ದು, ನಾನು ಬರೀ ಕೈ ಅಂದೆ. ಮನೆಯವರು ಭಟ್ಟಿಯಿಂದ ಬಂದ ಮೇಲೆ ಅವರಿಗೂ ಓದಿಸಿ ಕೇಳಿಸಿದ. ಅವರು ಏನೂ ಮಾತಾಡದೆ ಪುಸ್ತಕ ತಗೊಂಡು ಮತ್ತೊಮ್ಮೆ ಓದಿದರು. 'ಉಪ್ಪು ನೀರು ಹಾಕೋದು ಬಿಟ್ಟೀಯಲ್ಲೋ' ಅಂದರು. ಇವತ್ತು ಅದನ್ನು ಎಲ್ಲಿ ಸೇರಿಸಬೇಕು ಅಂತ ಅವನೇ ಬೆರಳಿಟ್ಟು ತೋರಿಸಿದ.

ಹರಿಹರದ ಅಪ್ಪಾವ್ರು ಹೇಳಿದ ಮೂರು ಪದದ ಉಪಾಯವನ್ನೂ ಮಾಡಿದೆವು. ಮರಳು, ಕಾಯು, ಕಾಳು. ಅಕ್ಕಿ, ಜಾಸ್ತಿ, ತಣ್ಣಗೆ. ತಾನೇ ಬರೆಯಲು ಆರಿಸಿಕೊಂಡ ವಾಕ್ಯ 'ನಾನು ದೊಡ್ಡವನಾದ್ಮೇಲೆ ತಡ ಮಾಡಲ್ಲ'. 'ದೊಡ್ಡ' ಬರೆಯುವಾಗ ಚಪ್ಪಾಳೆ ಹೊಡೆದ. ಒತ್ತು ಬಂತು. 'ದ್ಮೇ' ಇನ್ನೂ ಆಗಲಿಲ್ಲ, ಅದನ್ನು ನಾನೇ ಬರೆದುಕೊಟ್ಟೆ. ಅತ್ತೆಯವರು ದುಗ್ಗಮ್ಮನ ಜಾತ್ರೆಯ ಕಥೆ ಹೇಳಲು ಒಪ್ಪಿದ್ದಾರೆ. ಹತ್ತು ಪುಟದ ಮಾತು ಈ ವಾರ ಬಂದಿಲ್ಲ.

ಹಾಗಾಗಿ ಈ ವರ್ಷ ಡಾಲರ್ ಪ್ಯಾಕೇಜ್ ಯಾವುದೂ ತರಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಇಂಗ್ಲಿಷ್ ಸದ್ಯ ಕಿವಿಗೆ ಮತ್ತು ಬಾಯಿಗೆ ಮಾತ್ರ. ಕಥೆ ಕೇಳಿಸುತ್ತೇನೆ, ಮಾತಾಡಿಸುತ್ತೇನೆ.

ಕೊನೆಯದಾಗಿ ಒಂದು ಚಿಂತೆ. ಮುಂದೆ ಪರೀಕ್ಷೆ ಹೇಗೆ? ಹತ್ತನೇ ಕ್ಲಾಸಿಗೆ ಏನು ದಾರಿ? ಎಲ್ಲರೂ ಇದನ್ನೇ ಕೇಳಿ ನನ್ನ ಎದೆ ಒಡೆಯುತ್ತಾರೆ.


ವಿಶೇಷ ಶಿಕ್ಷಕಿ, ಚಿತ್ರದುರ್ಗ

'ನಾನು ದೊಡ್ಡವನಾದ್ಮೇಲೆ ತಡ ಮಾಡಲ್ಲ.' ಎಂಥ ಚೆಂದದ ವಾಕ್ಯ ರೀ! ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ.

ಪರೀಕ್ಷೆಗೆ ದಾರಿ ಇದೆ. ಎನ್.ಐ.ಓ.ಎಸ್. ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. ಅದರ ಪ್ರಾಥಮಿಕ ಹಂತದಲ್ಲಿ ಎ, ಬಿ, ಸಿ ಅಂತ ಮೂರು ಮಟ್ಟ. ಎ ಮೂರನೇ ಕ್ಲಾಸಿಗೆ ಸಮ, ಬಿ ಐದಕ್ಕೆ, ಸಿ ಎಂಟಕ್ಕೆ. ಹದಿನಾಲ್ಕು ತುಂಬಿದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಬಹುದು. ಐದು ವಿಷಯ, ಅದರಲ್ಲಿ ಒಂದು ಭಾಷೆ ಇದ್ದರೆ ಸಾಕು. ಐದನ್ನೂ ಒಟ್ಟಿಗೆ ಬರೆಯಬೇಕು ಅಂತಿಲ್ಲ. ಐದು ವರ್ಷದ ಒಳಗೆ ಒಂದೊಂದಾಗಿ ಮುಗಿಸಬಹುದು. ಮತ್ತೆ ಶಾಲೆಗೆ ಸೇರಿಸಿ ಎಸ್.ಎಸ್.ಎಲ್.ಸಿ. ಬರೆಸುವ ದಾರಿಯೂ ಮುಚ್ಚಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದು ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಡಿಸ್ಲೆಕ್ಸಿಯಾ ಅದರ ಒಳಗೇ ಬರುತ್ತದೆ. ಪ್ರಮಾಣಪತ್ರ ಇದ್ದರೆ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ ಕೇಳಬಹುದು. ನಿಮ್ಹಾನ್ಸ್ ರಿಪೋರ್ಟನ್ನು ಜೋಪಾನವಾಗಿ ಇಡಿ, ಎರಡು ಮೂರು ಜೆರಾಕ್ಸ್ ಮಾಡಿಸಿ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿ.ಆರ್.ಸಿ. ಇದೆ, ಅಂಗವಿಕಲರ ಪುನರ್ವಸತಿಗೆ ಅಂತಲೇ ಇರುವ ಕೇಂದ್ರ. ಒಮ್ಮೆ ಹೋಗಿ ಪ್ರಮಾಣಪತ್ರದ ಬಗ್ಗೆ ವಿಚಾರಿಸಿ. ಕನ್ನಡದಲ್ಲೂ ಪರೀಕ್ಷೆ ಮಾಡಿದ್ದಾರಾ ಅಂತ ರಿಪೋರ್ಟ್ ತೆಗೆದು ನೋಡಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಡಾಲಿ ಅನ್ನುವ ಪರೀಕ್ಷೆ ರೂಪಿಸಿದ್ದಾರೆ, ಅದು ಕನ್ನಡದಲ್ಲೂ ಇದೆ. ಇಂಗ್ಲಿಷ್‌ನಲ್ಲಿ ಮಾತ್ರ ಅಳೆದಿದ್ದರೆ ಅವನ ಕನ್ನಡ ಎಲ್ಲಿದೆ ಅನ್ನುವುದು ಸರಿಯಾಗಿ ಗೊತ್ತಾಗುವುದಿಲ್ಲ.

ಈ ವಾರಕ್ಕೆ ಒಂದೇ ಕೆಲಸ. ಭಟ್ಟಿ ಕಥೆಯಲ್ಲಿ ಸಜಾತಿ ಒತ್ತಿರುವ ಪದ ಎಲ್ಲೆಲ್ಲಿ ಇವೆ ಅಂತ ಅವನೇ ಹುಡುಕಿ ಗೆರೆ ಎಳೆಯಲಿ. ಅಪ್ಪ, ಅಕ್ಕಿ, ದೊಡ್ಡ. ಆ ಮೂರು ಸಾಕು.


ನಿವೃತ್ತ ಮೇಷ್ಟ್ರು, ಚಳ್ಳಕೆರೆ

'ತಣ್ಣಗೆ', 'ಮುಟ್ಟಿ' ಕೂಡ ಇವೆ ಮೇಡಂ. ಅವೆರಡು ಮುಂದಿನ ವಾರಕ್ಕೆ ಇರಲಿ. ಅಮ್ಮಾ, ಮರಳನ್ನು ಮೊದಲು ಜರಡಿ ಹಿಡಿದುಕೊಳ್ಳಿ, ಕರಕಲಾದ ಕಾಳು ಇದ್ದರೆ ಬೆರಳಿಗೆ ಚುಚ್ಚುತ್ತದೆ.